ಚಳ್ಳಕೆರೆ ಅಂಗಿ ತೊಟ್ಟವನು

"ಅಲ್ಲಾಡಬೇಡ! ಅರಿಶಿನ ಕಣ್ಣಿಗಿಳೀತೈತೆ!"

ಹೊನ್ನಕ್ಕ ಗದರಿದಳು. ಗಾಡಿಯ ಚಕ್ರಕ್ಕೆ ಒರಗಿ ಕೂತಿದ್ದ ಸಣ್ಣತಿಮ್ಮಪ್ಪನ ಹುಬ್ಬು ಒಡೆದು ರಕ್ತ ಸೋರುತ್ತಿತ್ತು.

ಅದು 1909ನೇ ಇಸವಿ. ಮೊಳಕಾಲ್ಮುರು ಫುಟ್ಬಾಲ್ ತಂಡ ಬಳ್ಳಾರಿ ಲೀಗಿನ ಮೊದಲ ದರ್ಜೆಗೆ ಏರಿದ ಮೊದಲ ವರ್ಷ. ಮೊದಲ ಆಟದಲ್ಲೇ ದಂಡಿನ ಸಿಪಾಯಿಗಳು ಏಳು ಗೋಲು ಹೊಡೆದಿದ್ದರು! ತಂಡದ ನಾಯಕ ಹೊನ್ನಕ್ಕನ ಅಣ್ಣ ಯರ್ರಪ್ಪ. ಆಟಗಾರರಿಗೆ ಬುತ್ತಿ ಕಟ್ಟಿಕೊಂಡು ಅವಳೂ ಬಂದಿದ್ದಳು. ರಾಂಪುರದ ಈ ಗೋಲ್‌ಕೀಪರನನ್ನು ಅವಳು ಹತ್ತಿರದಿಂದ ಕಂಡದ್ದು ಅವತ್ತೇ.

"ಏಳು ಬಿಟ್ಟೆಯಲ್ಲ, ನಾಚಿಕೆ ಆಗಲ್ವಾ?"

"ಎಂಟನೇದನ್ನ ಹಣೆ ಕೊಟ್ಟು ತಡ್ದೀನಿ. ಅದನ್ನ ಮಾತ್ರ ಯಾರೂ ಎಣಿಸಲ್ಲ!"

ಅವಳಿಗೆ ನಗು ತಡೆಯಲಾಗಲಿಲ್ಲ.

ತಂಡ ಸೋತಿತು, ಮತ್ತೆ ಸೋತಿತು, ಒಮ್ಮೆ ಸಮ ಮಾಡಿತು... ಕೊನೆಗೊಂದು ದಿನ ಗೆದ್ದೇಬಿಟ್ಟಿತು! ಅವತ್ತು ಗಾಡಿ ಪಕ್ಕ ನಡೆಯುತ್ತಾ ಸಣ್ಣತಿಮ್ಮಪ್ಪ ಮೆಲ್ಲಗೆ ಅಂದ.

"ಕಟ್ಕೊಂಡ್ರೆ ನಿನ್ನೇ, ಹೊನ್ನಾ. ಇನ್ಯಾರನ್ನೂ ಇಲ್ಲ."

ಅವಳು ಬುತ್ತಿಯಲ್ಲಿ ಉಳಿದಿದ್ದ ಕೊನೆಯ ರೊಟ್ಟಿ ತೆಗೆದು ಅವನ ಕೈಗಿಟ್ಟಳು.

ಹದಿನೈದು ದಿನ ಕಳೆಯುವುದರೊಳಗೆ ಅವನು ಕಾಣೆಯಾದ.

"ಚಳ್ಳಕೆರೆ ತಂಡದ ಕಡೆ ಸೇರ್ಕೊಂಡ," ಎಂದ ಯರ್ರಪ್ಪ, ಅವಳ ಮುಖ ನೋಡದೆ. "ಹತ್ತಿ ಮಂಡೀಲಿ ಕೆಲಸ ಕೊಟ್ರಂತೆ. ನಮ್ಮನ್ನ ನಡುನೀರಲ್ಲಿ ಬಿಟ್ಟೋದ ದ್ರೋಹಿ!"

ನನಗೊಂದು ಮಾತೂ ಹೇಳದೆ? ಅಷ್ಟು ಅಗ್ಗವಾಗಿ ಹೋದೆನಾ ನಾನು?

ರಾಗಿ ಬೀಸುತ್ತಾ ಅತ್ತಳು. ಅತ್ತು ಅತ್ತು, ಆಮೇಲೆ ಕಣ್ಣೀರು ಬತ್ತಿ ಸಿಟ್ಟು ಬಂತು. ಗೌರಸಮುದ್ರದ ಗಾದ್ರಪ್ಪನ ಮನೆಯವರು ಹೆಣ್ಣು ನೋಡಿ ಹೋದಮೇಲೆ ಅಪ್ಪ ಕೇಳಿದರೂ ಅವಳು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ.

ಕೊನೆಯ ಆಟ ಚಳ್ಳಕೆರೆಯಲ್ಲಿ. ಸೋತರೆ ಮೊಳಕಾಲ್ಮುರು ಮತ್ತೆ ಕೆಳಗಿನ ದರ್ಜೆಗೆ. ಒಂದು ಗೋಲು ಹಿಂದಿದ್ದಾಗ, ಆಟ ಮುಗಿಯುವ ಹೊತ್ತಿಗೆ ಪೆನಾಲ್ಟಿ ಸಿಕ್ಕಿತು. ಒದೆಯಲು ನಿಂತವನು ಯರ್ರಪ್ಪ. ಎದುರಿಗೆ, ಚಳ್ಳಕೆರೆ ಅಂಗಿ ತೊಟ್ಟು... ಅವನು!

ಬಿಟ್ಟುಬಿಡು... ನನ್ನ ಮೇಲೆ ಒಂದಿಷ್ಟಾದರೂ ಪ್ರೀತಿ ಇದ್ದದ್ದು ನಿಜವಾದರೆ ಇದೊಂದನ್ನು ಬಿಟ್ಟುಬಿಡು!

ಸಣ್ಣತಿಮ್ಮಪ್ಪ ಎಡಕ್ಕೆ ಹಾರಿದ. ಚೆಂಡು ಅವನ ಎದೆಯಲ್ಲಿತ್ತು.

ಎಲ್ಲಾ ಮುಗಿಯಿತು.

ಹೊನ್ನಕ್ಕ ಜನರನ್ನು ಸರಿಸಿಕೊಂಡು ನೇರ ಅವನೆದುರು ಹೋಗಿ ನಿಂತಳು.

"ತೃಪ್ತಿ ಆಯ್ತಾ? ನನ್ನ ನಂಬಿಸಿ ಕೈಬಿಟ್ಟಿದ್ದು ಸಾಲ್ದು ಅಂತ ತಂಡಾನೂ ಮುಳುಗಿಸಿದೆ!"

"ನಿಂತ ಜಾಗಕ್ಕೆ ಮೋಸ ಮಾಡೋಕೆ ನಂಗೆ ಬರಲ್ಲ." ಅವನು ಚೆಂಡನ್ನು ಕೆಳಗಿಟ್ಟ. "ಕೈಬಿಟ್ಟವಳು ನೀನು. ಗೌರಸಮುದ್ರದ ಸಂಬಂಧ ಒಪ್ಪೀನಿ, ನನ್ನ ಕಣ್ಣಿಗೆ ಬೀಳ್ಬೇಡ ಅಂತ ಹೇಳಿ ಕಳ್ಸಿದ್ಯಲ್ಲ!"

"ನಾನಾ? ಯಾರ ಕೈಲಿ?"

ಅವನ ಕಣ್ಣು ಅವಳ ಹಿಂದೆ ನಿಂತಿದ್ದ ಯರ್ರಪ್ಪನ ಮೇಲಿತ್ತು.

ಅವಳು ತಿರುಗಿ ನೋಡಿದಳು. ಇಷ್ಟು ದಿನ ಶಪಿಸಿದ್ದು ಯಾರನ್ನು! ದ್ರೋಹ ಮಾಡಿದವನು ದಿನಾ ಪಕ್ಕದಲ್ಲೇ ಕೂತು ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದ...

"ಅಣ್ಣಾ... ಸುಳ್ಳು ಅಂತ ಹೇಳು."

"ಗಾದ್ರಪ್ಪನೋರಿಗೆ ಮಾತು ಕೊಟ್ಟಿದ್ದೆ ಕಣವ್ವ. ಇವನಿದ್ರೆ ನೀನು ಒಪ್ಪಲ್ಲ ಅಂತ..."

"ಹಂಗಾದ್ರೆ ತಂಡ ಮುಳುಗಿಸಿದ್ದೂ ನೀನೇ." ಅವಳು ಕೂಗಲಿಲ್ಲ. "ಮಾತು ಕೊಟ್ಟವನು ನೀನು. ನೀನೇ ಹೋಗಿ ವಾಪಸ್ ತಗೊಂಡು ಬಾ. ಅಲ್ಲೀಗಂಟ ನನ್ನನ್ನ ತಂಗಿ ಅನ್ಬೇಡ."

ಯರ್ರಪ್ಪ ತಲೆ ತಗ್ಗಿಸಿ ಎತ್ತುಗಳ ಕಡೆ ನಡೆದ.

ಅವಳು ಸಣ್ಣತಿಮ್ಮಪ್ಪನ ಕಡೆ ತಿರುಗಿದಳು. ಕಣ್ಣು ತುಂಬಿತ್ತು.

"ನೀನಾದ್ರೂ ಒಂದ್ಸಲ ಬಂದು ಕೇಳ್ಬಾರ್ದಿತ್ತಾ?"

"ನಿನ್ನ ಬಾಯಿಂದಾನೇ ಹೌದು ಅಂತ ಕೇಳೋ ಧೈರ್ಯ ಇರ್ಲಿಲ್ಲ... ತಪ್ಪಾಯ್ತು ಹೊನ್ನಾ. ಈಗ ನಿಮ್ಮಪ್ಪನ ಹತ್ರ ಬಂದು ಮಾತಾಡ್ಲಾ?"

"ಸೋಮವಾರ ಬಾ. ಮನೇಲಿರ್ತಾರೆ."

"ನಾಳೇನೇ ಸೋಮವಾರ!"

"ಗೊತ್ತೈತೆ," ಎಂದಳು ಹೊನ್ನಕ್ಕ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ.