ಅಯ್ಯೋ ಎನ್ನದ ಮಲ್ಲಾಜಿ

ಬಲು ಹಿಂದೆ, ನದಿಗಳಿಗೆ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ, ಇರುವಂತಿಗೆ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಬೊಮ್ಮಯ್ಯ ಎಂಬ ಎಲೆಯಾಟದ ಗಾರುಡಿಗನಿದ್ದ. ಎಲೆ ಎಂದರೆ ಊಟದ ಎಲೆಯಲ್ಲ, ಆಟದ ಎಲೆ. ಅಂಗೈಯಗಲದ ಗುಂಡನೆಯ ಬಿಲ್ಲೆಗಳು. ಬಟ್ಟೆಯ ಪದರಗಳನ್ನು ಹುಣಸೆಬೀಜದ ಅಂಟಿನಲ್ಲಿ ಕೂಡಿಸಿ, ಒಣಗಿಸಿ, ಮೇಲೆ ರಾಜ, ಮಂತ್ರಿ, ಕುದುರೆ, ಆನೆ ಎಂದು ಚಿತ್ರ ಬರೆದು, ಅರಗಿನ ಹೊಳಪು ಕೊಟ್ಟಿರುತ್ತಿದ್ದರು. ಬೊಮ್ಮಯ್ಯ ಚಾಪೆ ಹಾಸಿ ಕೂತು ಅವನ್ನು ಕೈಗೆತ್ತಿಕೊಂಡರೆ, ಎದುರಿಗೆ ಕೂತವರ ಮೂಗಿನ ಕೆಳಗೇ ರಾಜ ಮಾಯವಾಗಿ ಇನ್ಯಾರದೋ ರುಮಾಲಿನಲ್ಲಿ ಸಿಗುತ್ತಿದ್ದ.

ಎದುರಿಗೇ ಕೂತು ನೋಡುವ ಆಟ ಎಂದಮೇಲೆ ಕೇಳಬೇಕೆ? ಒಬ್ಬ ನಡುವೆ ಬಾಯಿ ಹಾಕುತ್ತಾನೆ. ಇನ್ನೊಬ್ಬ ಎಲೆಯನ್ನು ಕಸಿದು ಹಿಂದೆ ಮುಂದೆ ತಿರುಗಿಸಿ, ಬಾಗಿಸಿ, ಉಗುರಿನಿಂದ ಕೆರೆದು ನೋಡುತ್ತಾನೆ. ಅದಕ್ಕೇ ಬೊಮ್ಮಯ್ಯನ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಎಲೆಯ ಪೆಟ್ಟಿಗೆ ತೆರೆದ ಗಳಿಗೆಯಿಂದ ಮುಚ್ಚುವ ತನಕ ಆಡುವವರ ಬಾಯಿಂದ 'ಅಯ್ಯೋ' ಎಂಬ ಮಾತು ಬರಕೂಡದು.

ತಾಯಿಯಿಲ್ಲದ ತನ್ನ ಮಗಳು ಮಲ್ಲಾಜಿಗೆ ಅವನು ಎಲೆ ಹಿಡಿಯುವುದಕ್ಕೂ ಮೊದಲು ಕಲಿಸಿದ್ದು ಇದನ್ನೇ. "ನೋಡು ಮಗ, ಎಲೆ ಕೈಜಾರಿ ಬಿತ್ತು ಅಂದ್ಕೊ. ಬೀಳಿಸಿದೆ ಅನ್ನು. ಯಾರೋ ಕಸ್ಕೊಂಡ್ರು ಅಂದ್ಕೊ. ನಾನೇ ಕೊಟ್ಟೆ ಅನ್ನು. ನೋಡೋರು ಆಟ ಕೆಡಿಸಕ್ಕಾಗಲ್ಲ ಕಣವ್ವ. ನಾವು ಅಯ್ಯೋ ಅಂದಾಗಲೇ ಅದು ಕೆಡೋದು. ಕಣ್ಣೀರು ಬಂದ್ರೆ ಬರಲಿ, ಅದಕ್ಕೆ ಅಡ್ಡಿಯಿಲ್ಲ. ಕೈ ಮಾತ್ರ ನಿಲ್ಲಬಾರದು."

ಅದೇ ರಾಜ್ಯದ ಅಂಚಿನ ಗುಡ್ಡದ ಮೇಲೆ ಅರೆಗಣ್ಣ ಎಂಬ ಮಾಂತ್ರಿಕನಿದ್ದ. ಅವನಿಗೆ ಯಾವುದೂ ಮುಗಿಯಬಾರದು. ಯಾರೇ ಹಾಡಲಿ, ಆಡಲಿ, ಕತೆ ಹೇಳಲಿ, ಅರೆಗಣ್ಣು ಮುಚ್ಚಿಕೊಂಡು ಮುಂದೆ ಬಂದು ಕೂರುವನು. ನಡುವೆ ಕೈ ಹಾಕುವನು. ಆಡುವವರು ಗಾಬರಿಯಾಗಿ ನಿಂತರೆ ಮುಗಿಯಿತು, ನಿಂತದ್ದೆಲ್ಲ ಅವನ ಪಾಲು. ಎಲ್ಲ ನನಗೆ ಗೊತ್ತು ಎಂಬ ಜಂಬ ಅವನದು. 'ಆಮೇಲೆ?' ಎಂದು ಇನ್ನೊಬ್ಬರನ್ನು ಕೇಳುವುದೆಂದರೆ ಅವನಿಗೆ ಸಾಯುವಷ್ಟು ನಾಚಿಕೆ.

ಒಂದು ದಿನ ಅರಮನೆಯಲ್ಲಿ ಬೊಮ್ಮಯ್ಯ ಆಟ ಹೂಡಿದ್ದ. ಆಟ ನಡುಮಧ್ಯಕ್ಕೆ ಬಂದಾಗ ಅರೆಗಣ್ಣ ಕೈ ಚಾಚಿ ಎಲೆಯ ಕಟ್ಟನ್ನೇ ಎಗರಿಸಿಬಿಟ್ಟ. ತಾತನ ಕಾಲದ ಎಲೆಗಳು, ಒಂದೊಂದೂ ಚೆಲ್ಲಾಪಿಲ್ಲಿ. ಆಯುಷ್ಯವೆಲ್ಲ ಕಟ್ಟಳೆ ಪಾಲಿಸಿದ ಬೊಮ್ಮಯ್ಯ ಅಂದು ಒಂದೇ ಒಂದು ಸಲ ಬಾಯಿ ತಪ್ಪಿ "ಅಯ್ಯೋ!" ಎಂದ. ಅಂದದ್ದೇ ತಡ, ಅವನು ಅಲ್ಲಿರಲಿಲ್ಲ. ಚಾಪೆಯ ಮೇಲೆ ಒಂದು ಎಲೆ ಬಿದ್ದಿತ್ತು. ಅದರಲ್ಲಿ ಕೆಂಪು ರುಮಾಲಿನ ಬೊಮ್ಮಯ್ಯ ಕೈ ಚಾಚಿ ಚಿತ್ರವಾಗಿ ನಿಂತಿದ್ದ. ಅರೆಗಣ್ಣ ಅದನ್ನೆತ್ತಿಕೊಂಡು ಗುಡ್ಡಕ್ಕೆ ಹೊರಟುಹೋದ.

ಸಭೆಯಲ್ಲಿ ರಾಜ ಆಗತಾನೇ ಸೀನಲು ಮೂಗೆತ್ತಿದ್ದ. ಆ ಸೀನೂ ಅರ್ಧಕ್ಕೆ ನಿಂತಿತು. ಹೊರಗೆ ಸೂರ್ಯ ಮುಳುಗುತ್ತಿದ್ದ. ಅವನೂ ಗುಡ್ಡದ ನೆತ್ತಿಗೆ ಗಲ್ಲ ಒತ್ತಿ ಅಲ್ಲೇ ಉಳಿದ. ಅಂದಿನಿಂದ ಇರುವಂತಿಗೆಯಲ್ಲಿ ಮುಗಿಯದ ಸಂಜೆ. ಹಕ್ಕಿಗಳು ಗೂಡಿಗೆ ಹೊರಟು ದಾರಿಯಲ್ಲೇ ತೇಲುತ್ತಿದ್ದವು. ತೊಟ್ಟಿಲ ಕೂಸುಗಳಿಗೆ ನಿದ್ದೆ ರೆಪ್ಪೆಯ ತನಕ ಬಂದು ಒಳಕ್ಕೆ ಇಳಿಯುತ್ತಿರಲಿಲ್ಲ.

ಮಲ್ಲಾಜಿ ಅತ್ತಳು. ಅತ್ತು ಮುಗಿಸೋಣವೆಂದರೆ ಆ ಅಳುವೂ ಮುಗಿಯಲೊಲ್ಲದು. ಕೊನೆಗೆ ಮುಖ ತೊಳೆದು, ಅಪ್ಪನ ಚಾಪೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟು, ಸೆರಗಿನ ತುದಿಯಲ್ಲಿ ಒಂದಿಷ್ಟು ನವಣೆ ಕಟ್ಟಿಕೊಂಡು ಗುಡ್ಡ ಹತ್ತಿದಳು.

ಅರೆಗಣ್ಣನ ಮನೆಯೊಳಗೆ ಅರ್ಧ ಹಾಡುಗಳು ದೀಪದ ಹುಳುಗಳ ಹಾಗೆ ಸುತ್ತುತ್ತಿದ್ದವು. ಯಾರದೋ ಅರ್ಧ ನಗು ಗೂಡಿನಲ್ಲಿ ಕೂತಿತ್ತು. ಕತ್ತರಿಸಿದ ಕತೆಯೊಂದು ಕಂಬಕ್ಕೆ ಒರಗಿ 'ಒಂದೂರಲ್ಲಿ, ಒಂದೂರಲ್ಲಿ' ಎನ್ನುತ್ತಿತ್ತು. ನಡುಮನೆಯಲ್ಲಿ ಅರೆಗಣ್ಣ ಕೂತಿದ್ದ. ಅವನ ಹೆಗಲ ಮೇಲೆ ಒಂದು ಗೊರವಂಕ, ಕಾಲ ಬಳಿ ಒಂದು ಗಡ್ಡದ ಹೋತ.

"ಯಾಕೆ ಬಂದೆ ಹುಡುಗಿ?"

"ನಮ್ಮಪ್ಪಯ್ಯನ್ನ ಕರ್ಕೊಂಡೋಗೋಕೆ ಬಂದೆ, ಬುದ್ಧಿ."

ಅರೆಗಣ್ಣ ನಕ್ಕ. ಅದೂ ಅರ್ಧವೇ. "ನನ್ನ ಮುಂದೆ ಒಂದು ಆಟ ಹೂಡು. ಮೊದಲಿಂದ ಕೊನೇವರೆಗೆ ನಿಲ್ಲಿಸದೆ ಆಡಿ ಮುಗಿಸಿದ್ರೆ ನಿಮ್ಮಪ್ಪ ನಿನ್ನೋನು. ನಡುವೆ ನಿಂತ್ಯೋ, ನೀನೂ ನನ್ನ ಪೆಟ್ಟಿಗೇಲಿ ಒಂದು ಎಲೆ. ಆಡೋದು ನನ್ನ ಎಲೇಲೇ, ತಿಳೀತಾ?"

ಅವನ ಪೆಟ್ಟಿಗೆಯ ಎಲೆಗಳೆಲ್ಲ ಅವನು ನಿಲ್ಲಿಸಿದವರೇ. ಒಂದು ಕಾಲೆತ್ತಿದ ನರ್ತಕಿ. ಬಾಯಿ ತೆರೆದ ಹಾಡುಗಾರ. ಹಳ್ಳ ಹಾರುತ್ತ ಗಾಳಿಯಲ್ಲೇ ಉಳಿದ ಬಿಳಿ ಕುದುರೆ. ಅವರ ನಡುವೆ ಕೆಂಪು ರುಮಾಲಿನ ಬೊಮ್ಮಯ್ಯ. ಮಲ್ಲಾಜಿಯ ಬೆರಳು ಅಪ್ಪನ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಚಾಪೆ ಹಾಸಿದಳು, ಕೂತಳು, ಎಲೆಗಳನ್ನು ಕಲೆಸಿದಳು.

"ಒಂದು ಎಲೆ ತಗೊಳ್ಳಿ ಬುದ್ಧಿ. ನೋಡ್ಕೊಳ್ಳಿ. ನನಗೆ ತೋರಿಸ್ಬೇಡಿ. ತಿರುಗಿ ಕಟ್ಟಿಗೆ ಸೇರಿಸಿ. ಅದ್ಯಾವುದು ಅಂತ ನಾನು ಹೇಳ್ತೀನಿ."

ಅರೆಗಣ್ಣ ಒಂದನ್ನು ಎಳೆದ. ನೋಡಿ, ಗೊರವಂಕಕ್ಕೂ ತೋರಿಸಿ, ಕಟ್ಟಿಗೆ ಸೇರಿಸಿದ. ಮಲ್ಲಾಜಿ ಇನ್ನೂ ಬಾಯಿ ತೆರೆದಿರಲಿಲ್ಲ, ಗೊರವಂಕ ರೆಕ್ಕೆ ಬಡಿದು ಕಿರುಚಿತು. "ಅದು ಅವಳಪ್ಪ! ಅದು ಅವಳಪ್ಪ!"

ಹೇಳಬೇಕಾದ ಗುಟ್ಟೇ ಬಯಲಾಯಿತು. ಇನ್ನೇನು ಉಳಿಯಿತು ಆಟದಲ್ಲಿ? ಮಲ್ಲಾಜಿಯ ನಾಲಗೆಯ ತುದಿಗೆ ಆ ಕೆಟ್ಟ ಮಾತು ಬಂದೇಬಿಟ್ಟಿತ್ತು. ಅವಳು ಅದನ್ನು ಉಗುಳಿನ ಜೊತೆ ನುಂಗಿ ನಕ್ಕಳು.

"ಸರಿಯಾಗಿ ಹೇಳಿದೆ ಗೊರವಂಕಣ್ಣ! ಎಂಥ ಗಂಟಲು ನಿನ್ನದು! ಇವತ್ತಿನ ಆಟಕ್ಕೆ ಕೂಗಿ ಹೇಳೋನು ಬೇಕು ಅಂತಿದ್ದೆ, ನೀನೇ ಬಂದೆ. ಯಾವ ಎಲೆ ಅಂತ ಹೇಳಿದ್ದಾಯ್ತು. ಈಗ ಎಲ್ಲಿದೆ ಅಂತ ಕೂಗು ನೋಡೋಣ."

ಗೊರವಂಕವನ್ನು ಅಲ್ಲಿಯವರೆಗೆ ಎಲ್ಲರೂ ಛೀ ಥೂ ಎಂದಿದ್ದರೇ ಹೊರತು ಕೂಗು ಎಂದವರಿಲ್ಲ. ಅದು ಎದೆಯುಬ್ಬಿಸಿ "ಎಡಗೈಲಿದೆ! ಎಡಗೈಲಿದೆ!" ಎಂದಿತು. ಮಲ್ಲಾಜಿ ಎಡಗೈ ಬಿಚ್ಚಿದಳು. ಅಲ್ಲಿ ಒಂದು ಹಿಡಿ ನವಣೆ. ಹಕ್ಕಿ ಹಾರಿ ಬಂದು ಅಂಗೈ ಮೇಲೆ ಕೂತು ಹೆಕ್ಕತೊಡಗಿತು. ಬಾಯಿ ತುಂಬ ಕಾಳಿರುವಾಗ ಕೂಗುವುದು ಎಲ್ಲಿಂದ? ಮಲ್ಲಾಜಿ ಮೆಲ್ಲಗೆ ಅದರ ರೆಕ್ಕೆ ಎತ್ತಿದಳು. ರೆಕ್ಕೆಯ ಕೆಳಗೆ ಬೆಚ್ಚಗೆ ಬೊಮ್ಮಯ್ಯನ ಎಲೆ ಇತ್ತು.

ಅರೆಗಣ್ಣ ಹುಬ್ಬು ಗಂಟಿಕ್ಕಿ ಹೋತವನ್ನು ಕಾಲಿನಿಂದ ತಿವಿದ.

ಮಲ್ಲಾಜಿ ಎಲೆಗಳನ್ನು ಚಾಪೆಯ ಮೇಲೆ ಬೀಸಣಿಗೆಯಾಗಿ ಹರಡುತ್ತಿದ್ದಳು. ಹುಣಸೆಬೀಜದ ಅಂಟಿನ ವಾಸನೆಗೆ ಹೋತದ ಮೂಗು ಅರಳಿತು. ಅದು ಬಂದದ್ದೇ ಬಂದದ್ದು, ಬಿಳಿ ಕುದುರೆಯ ಎಲೆಯನ್ನು ಬಾಯಿಗೆ ಹಾಕಿಕೊಂಡು ಗುಳುಂ ಮಾಡಿಬಿಟ್ಟಿತು. ಆ ಎಲೆಯಲ್ಲಿ ಜೀವ ಇತ್ತಲ್ಲ! ಆದರೂ ಮಲ್ಲಾಜಿಯ ಕೈ ನಿಲ್ಲಲಿಲ್ಲ. ಎಲೆ ಹರಡುವುದು ಹರಡುತ್ತಲೇ ಇತ್ತು.

"ಬಾ ಹೋತಪ್ಪ, ನಿನಗೇ ಕಾಯ್ತಿದ್ದೆ. ಕುದುರೆ ಕಟ್ಟೋಕೆ ಒಂದು ಲಾಯ ಬೇಕಿತ್ತು" ಎಂದಳು. ಅದರ ಹೊಟ್ಟೆಗೆ ಕಿವಿಯಿಟ್ಟು, "ಕುದುರೇ, ಒಳಗಿದ್ದೀಯಾ?" ಎಂದು ಕೇಳಿದಳು.

ಹೋತದ ಹೊಟ್ಟೆಯೊಳಗಿಂದ ಕುದುರೆ ಹೇಷಾರವ ಮಾಡಿತು.

ಹೋತದ ಕಾಲು ನಾಲ್ಕೂ ನಾಲ್ಕು ದಿಕ್ಕಿಗೆ ಹೋದವು. ಕಣ್ಣು ಕಣ್ಣು ಬಿಟ್ಟು ತನ್ನ ಹೊಟ್ಟೆಯನ್ನೇ ನೋಡಿಕೊಂಡಿತು. ಮಲ್ಲಾಜಿ ಅದರ ಗಡ್ಡ ನೇವರಿಸಿ, ಎಲೆಯ ಪೆಟ್ಟಿಗೆಯ ಮುಚ್ಚಳವನ್ನು ಅದರ ಹಲ್ಲುಗಳ ನಡುವೆ ಇಟ್ಟಳು. "ಹೆದರಬೇಡ. ಇದನ್ನ ಹಿಡ್ಕೊ. ನುಂಗಬೇಡ. ಇವತ್ತಿನ ಆಟಕ್ಕೆ ನೀನೇ ಭಂಡಾರಿ." ಹುಟ್ಟಿದಾಗಿನಿಂದ ಒಂದು ಕೆಲಸ ವಹಿಸಿಕೊಂಡು ಗೊತ್ತಿಲ್ಲದ ಪ್ರಾಣಿ. ಮುಚ್ಚಳ ಕಚ್ಚಿಕೊಂಡು, ಕತ್ತು ನೆಟ್ಟಗೆ ಮಾಡಿ, ಮದುವೆಮನೆಯ ಹಿರಿಯನಂತೆ ಚಾಪೆಯ ಪಕ್ಕ ನಿಂತಿತು.

ಆಟ ಕೊನೆಗೆ ಬಂತು. ಮಲ್ಲಾಜಿ ಎಲೆಗಳನ್ನು ಮತ್ತೆ ಕೂಡಿಸಿ ಅಂಗೈ ಮೇಲಿಟ್ಟಳು. "ಏಳಪ್ಪಯ್ಯ" ಎಂದಳು ಮೆಲ್ಲಗೆ. ಕಟ್ಟಿನ ನಡುವಿನಿಂದ ಕೆಂಪು ರುಮಾಲು ಇಣುಕಿತು. ಎಲೆ ಮೆಲ್ಲಮೆಲ್ಲಗೆ ಮೇಲೇಳತೊಡಗಿತು. ಅರ್ಧ ಹಾಡುಗಳು ಸುತ್ತುವುದನ್ನು ಬಿಟ್ಟು ನೋಡಿದವು.

ಅರೆಗಣ್ಣ ತಟಕ್ಕನೆ ಬಾಗಿ ಆ ಎಲೆಯನ್ನು ಕಿತ್ತುಕೊಂಡ. ಅವಳ ಕಣ್ಣೆದುರಿಗೇ ಹಿಡಿದು, ಓರೆಯಾಗಿ, ಹೆಗಲಿಂದ ಸೊಂಟದವರೆಗೆ ಪರ್ರನೆ ಹರಿದ.

ಏನು ಹೇಳಲಿ! ಆ ಸದ್ದು ಅವಳ ಎದೆಯಲ್ಲೇ ಆಯಿತು. ಅಪ್ಪ ಎರಡು ಚೂರಾಗಿದ್ದ. ಅಡಿಯಿಂದ ಮುಡಿಯವರೆಗೆ ಅವಳ ಮೈಯೆಲ್ಲ ಒಂದೇ ಮಾತಾಗಿ ಗಂಟಲಿಗೆ ನುಗ್ಗಿತು. ಅರೆಗಣ್ಣ ಆ ಮಾತಿಗಾಗಿ ಬಾಯಿ ಚಪ್ಪರಿಸುತ್ತ ಕಾದ. ಮಲ್ಲಾಜಿಯ ಕಣ್ಣಿಂದ ನೀರು ದಳದಳ ಇಳಿಯಿತು. ಇಳಿಯಲಿ, ಅದಕ್ಕೆ ಅಡ್ಡಿಯಿಲ್ಲ ಎಂದು ಅಪ್ಪನೇ ಹೇಳಿದ್ದನಲ್ಲ. ಹರಿದ ಎಲೆಯನ್ನು ಕೂಡಿಸುವ ಆಟವನ್ನು ಮಾತ್ರ ಅವನು ಕಲಿಸಿರಲಿಲ್ಲ. ಮುಂದೇನು ಎಂದು ಅವಳಿಗೆ ತಿಳಿಯದು. ತಿಳಿದದ್ದು ಇಷ್ಟೇ, ಕೈ ನಿಲ್ಲಬಾರದು.

ಅವಳು ಕೈ ಚಾಚಿದಳು.

"ನಾನು ಕೇಳೋಕೆ ಮುಂಚೆಯೇ ಹರಿದ್ರಿ, ಒಳ್ಳೇದಾಯ್ತು ಬುದ್ಧಿ" ಎಂದಳು, ಒದ್ದೆ ದನಿಯಲ್ಲಿ. "ಒಂದು ಚೂರು ನನಗೆ ಕೊಡಿ. ಇನ್ನೊಂದು ನಿಮ್ಮ ಮುಷ್ಟೀಲೇ ಇರಲಿ. ಗಟ್ಟಿಯಾಗಿ ಹಿಡ್ಕೊಳ್ಳಿ. ಇದನ್ನ ನಿಮ್ಮಷ್ಟು ಗಟ್ಟಿ ಹಿಡಿಯೋರು ಈ ರಾಜ್ಯದಲ್ಲಿ ಇನ್ಯಾರಿದ್ದಾರೆ?"

ಅರೆಗಣ್ಣನಿಗೆ ಯಾರೂ ಏನನ್ನೂ ಹಿಡಿದುಕೊಳ್ಳಲು ಕೊಟ್ಟಿರಲಿಲ್ಲ. ಅವನು ಕಸಿದವನೇ ಹೊರತು ಪಡೆದವನಲ್ಲ. ಯಾಕೋ ಏನೋ, ಒಂದು ಚೂರನ್ನು ಅವಳಿಗೆ ಕೊಟ್ಟ. ಇನ್ನೊಂದನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಮಲ್ಲಾಜಿಯೂ ಮುಷ್ಟಿ ಕಟ್ಟಿದಳು. ಆ ಮುಷ್ಟಿಯನ್ನು ಇನ್ನೊಂದು ಕೈಯಿಂದ ಮೆಲ್ಲಗೆ, ಕೂಸಿನ ಬೆನ್ನು ಸವರುವ ಹಾಗೆ ಸವರುತ್ತ ಕೂತಳು. ಹೊರಗೆ ಸೂರ್ಯ ಗುಡ್ಡಕ್ಕೆ ಗಲ್ಲ ಒತ್ತಿಕೊಂಡೇ ಇದ್ದ. ಗೊರವಂಕ ಕಾಳು ನುಂಗಿ ಸುಮ್ಮನಿತ್ತು.

ಅರೆಗಣ್ಣ ಅತ್ತಿತ್ತ ಮಿಸುಕಾಡಿದ. ಕೈ ಹಾಕೋಣವೆಂದರೆ ಕೈಯಲ್ಲಿ ಚೂರಿದೆ. ಬಾಯಿ ಹಾಕೋಣವೆಂದರೆ ನಡುವೆ ತಡೆಯುವಂಥ ಮಾತನ್ನೇ ಅವಳು ಆಡುತ್ತಿಲ್ಲ. ಅವನ ಅರೆಗಣ್ಣು ತಾನಾಗಿ ಪೂರ್ತಿ ತೆರೆಯಿತು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ.

"ಆಮೇಲೆ?"

ಅವನ ಆಯುಷ್ಯದಲ್ಲಿ ಮೊದಲ ಸಲ! ಆ ಮಾತು ಬಿದ್ದ ಕೂಡಲೇ ಮಲ್ಲಾಜಿಯ ಮುಷ್ಟಿಯೊಳಗಿನ ಚೂರು ಬೆಚ್ಚಗಾಯಿತು. ಅಪ್ಪನ ಒರಟು ಬೆರಳು ಅವಳ ಬೆರಳನ್ನು ಒಮ್ಮೆ ಒತ್ತಿ ಬಿಟ್ಟಂತಾಯಿತು. ಅವಳು ಮುಷ್ಟಿ ಬಿಚ್ಚಿದಳು. ಖಾಲಿ.

"ಆಮೇಲೆ?" ಎಂದ ಅರೆಗಣ್ಣ, ಮುಂದಕ್ಕೆ ಸರಿದು.

"ಈಗ ನಿಮ್ಮ ಮುಷ್ಟಿ ಬಿಚ್ಚಿ ಬುದ್ಧಿ."

ಬಿಚ್ಚಿದ. ಅವನ ಅಂಗೈ ಮೇಲೆ ಎಲೆ ಇಡಿಯಾಗಿತ್ತು. ಆದರೆ ಅದರಲ್ಲಿ ಕೆಂಪು ರುಮಾಲಿಲ್ಲ, ಮುಖವಿಲ್ಲ, ಏನೂ ಇಲ್ಲ. ಬರೀ ಬಿಳಿ ಬಿಲ್ಲೆ.

"ಚಿತ್ರ ಎಲ್ಲಿ?"

"ನಿಮ್ಮ ಬೆನ್ನ ಹಿಂದೆ ನಿಂತಿದೆ."

ಅರೆಗಣ್ಣ ತಿರುಗಿ ನೋಡಿದ. ಅಲ್ಲಿ ಬೊಮ್ಮಯ್ಯ, ಜೀವಂತ ಬೊಮ್ಮಯ್ಯ, ರುಮಾಲು ಸರಿಮಾಡಿಕೊಳ್ಳುತ್ತ ನಿಂತಿದ್ದ.

"ಅಯ್ಯೋ!" ಎಂದ ಅರೆಗಣ್ಣ. ಚೂರು ಹಿಡಿದಾಗಲೇ ಅವನೂ ಆಡುವವರಲ್ಲಿ ಒಬ್ಬನಾಗಿದ್ದ, ಪೆಟ್ಟಿಗೆ ಇನ್ನೂ ತೆರೆದೇ ಇತ್ತು.

ಅಂದದ್ದೇ ತಡ, ಅವನು ಅಲ್ಲಿರಲಿಲ್ಲ. ಚಾಪೆಯ ಮೇಲೆ ಬಿಳಿ ಎಲೆ ಬಿದ್ದಿತ್ತು. ಈಗ ಅದು ಬಿಳಿಯಾಗಿರಲಿಲ್ಲ. ಅದರಲ್ಲಿ ಕಣ್ಣು ಪೂರ್ತಿ ತೆರೆದು, ಬಾಯಿ ಬಿಟ್ಟ ಒಬ್ಬ ಮಾಂತ್ರಿಕ ಚಿತ್ರವಾಗಿ ಕೂತಿದ್ದ.

ಮಲ್ಲಾಜಿ ಹೋತದ ಬಾಯಿಂದ ಮುಚ್ಚಳ ತೆಗೆದು ಪೆಟ್ಟಿಗೆ ಮುಚ್ಚಿದಳು. ಆಟ ಮುಗಿಯಿತು. ಆಗ ಮಾತ್ರ ಅವಳು ಅಪ್ಪನ ಎದೆಗೆ ತಲೆಯಿಟ್ಟು, "ಅಯ್ಯೋ ಅಪ್ಪಯ್ಯ, ಅಯ್ಯೋ ಅಯ್ಯೋ" ಎಂದು ತಡೆದಿದ್ದನ್ನೆಲ್ಲ ಸೇರಿಸಿ ಮನಸಾರೆ ಅತ್ತಳು. ಈ ಸಲ ಅಳು ಮುಗಿಯಿತು.

"ಸಾಕು ಮಗ" ಎಂದ ಬೊಮ್ಮಯ್ಯ. "ನಾನು ಕಲಿಸಿದ್ದನ್ನ ನಾನೇ ಮರೆತೆ. ನೀನು ಮರೀಲಿಲ್ಲ."

ಪೆಟ್ಟಿಗೆ ತಾನಾಗಿ ಮತ್ತೆ ತೆರೆದುಕೊಂಡಿತು, ನರ್ತಕಿ ಕಾಲಿಳಿಸಿದಳು. ಹಾಡುಗಾರ ಹಾಡಿನ ಉಳಿದರ್ಧ ಹಾಡಿದ. ಹೋತ ಒಂದು ಸಲ ತೇಗಿದ್ದೇ ತಡ, ಬಿಳಿ ಕುದುರೆ ಹೊರಗೆ ನೆಗೆದು ಹಳ್ಳದ ಆಚೆ ದಡಕ್ಕೆ ಹೋಗಿ ಇಳಿಯಿತು. ಅಷ್ಟು ದೊಡ್ಡ ಕುದುರೆ ಅಷ್ಟು ಸಣ್ಣ ಬಾಯಿಂದ ಹೇಗೆ ಬಂತು ಎಂದು ಕೇಳಬೇಡಿ, ಹೋತಕ್ಕೂ ಗೊತ್ತಿಲ್ಲ. ಸೂರ್ಯ ಗುಡ್ಡದ ಆಚೆಗೆ ಜಾರಿದ. ಹಕ್ಕಿಗಳು ಗೂಡು ಸೇರಿದವು, ಕೂಸುಗಳ ರೆಪ್ಪೆ ಮುಚ್ಚಿದವು. ಅರಮನೆಯಲ್ಲಿ ರಾಜ ಸೀನಿದ ಸೀನಿಗೆ ಮಂತ್ರಿಯ ರುಮಾಲು ಹಾರಿ ಕಿಟಕಿಯಾಚೆ ಬಿತ್ತು.

ಬೊಮ್ಮಯ್ಯನ ಹೆಗಲಿಂದ ಸೊಂಟದವರೆಗೆ ನೂಲಿನಷ್ಟು ತೆಳುವಾದ ಗೆರೆಯೊಂದು ಉಳಿಯಿತು. ನೋವಿರಲಿಲ್ಲ. ಗೊರವಂಕ ಅವರ ಆಟ ಸಾರುವ ಕೆಲಸಕ್ಕೆ ಸೇರಿತು, ಹೋತ ಮುಚ್ಚಳ ಕಾಯಿತು. ಅಪ್ಪ ಮಗಳು ಊರೂರು ಸುತ್ತಿ, ಆಡಿ, ನಗಿಸಿ, ಉಂಡು, ನೆಮ್ಮದಿಯಾಗಿದ್ದರು. ಇರುವಂತಿಗೆಯಲ್ಲಿ ಶುರುವಾದದ್ದೆಲ್ಲ ಮುಗಿಯಿತು, ಮುಗಿದದ್ದೆಲ್ಲ ಮತ್ತೆ ಶುರುವಾಯಿತು.

ಅಂದಿನಿಂದ ಮಲ್ಲಾಜಿ ಚಾಪೆ ಹಾಸಿದಾಗಲೆಲ್ಲ ಮೊದಲು ಎದುರು ಸಾಲನ್ನು ನೋಡುವಳು. ಯಾರ ಕೈ ತುರಿಸುತ್ತಿದೆಯೋ ಅವರಿಗೆ ಮಾಂತ್ರಿಕನ ಎಲೆಯನ್ನು ಕೊಟ್ಟು, "ಇದು ನಿಮ್ಮ ಹತ್ತಿರವೇ ಇರಲಿ, ಜೋಪಾನ" ಎನ್ನುವಳು. ಅವರು ಅದನ್ನು ಎರಡು ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರುವರು. ಆಟ ನಡುಮಧ್ಯಕ್ಕೆ ಬಂದಾಗ ಆ ಎಲೆಯನ್ನು ಕಿವಿಯ ಹತ್ತಿರ ಹಿಡಿದವರಿಗೆ, ಒಳಗಿಂದ ಯಾರೋ ನಾಚಿಕೆ ಬಿಟ್ಟು, ಮಗುವಿನ ಹಾಗೆ, "ಆಮೇಲೆ? ಆಮೇಲೆ?" ಎಂದು ಕೇಳುವುದು ಕೇಳಿಸುತ್ತದಂತೆ.