ಹನುಮಂತಜ್ಜಿಯ ಮುಷ್ಟಿ

ನೀವು ನಂಬಲೇಬೇಕೆಂದೇನಿಲ್ಲ. ಆದರೆ ನನ್ನ ಮಗಳು ಇವತ್ತು ಬದುಕಿದ್ದಾಳೆ.

೧೯೮೪ರಲ್ಲಿ ತರೀಕೆರೆಯ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ಮರೆವಿನ ಕಾಯಿಲೆಯವರಲ್ಲಿ ಯಾರು ತಾವೇ ಉಣ್ಣಬಲ್ಲರು, ಯಾರಿಗೆ ಆಗದು ಎಂದು ಪರೀಕ್ಷಿಸಿ ಬರೆಯುತ್ತಿದ್ದೆ. ಹಲವರಿಗೆ ಮರೆವು ಮೆಲ್ಲಗೆ ಬಂದಿತ್ತು. ಸೂಲಗಿತ್ತಿ ಹನುಮಂತಜ್ಜಿಗೆ ಮಾತ್ರ ಲಕ್ವ ಹೊಡೆದು ಒಮ್ಮೆಲೇ ಬಂದದ್ದು. ಎರಡು ವರ್ಷದಿಂದ ಮಾತಿಲ್ಲ, ಏಳುವುದಿಲ್ಲ. ಬಿಗಿದ ಮುಷ್ಟಿಗಳನ್ನು ನಾವೇ ಬಲವಾಗಿ ಬಿಡಿಸಿ ತೊಳೆಯಬೇಕು. ಮಗಳು ಹುಟ್ಟಿದ ದಿನ ಬೆಳಿಗ್ಗೆಯೂ ತೊಳೆದು, ಹಾಳೆಯಲ್ಲಿ ‘ಏನೂ ಆಗದು’ ಎಂದು ಬರೆದಿದ್ದೆ.

ಮಧ್ಯಾಹ್ನ, ದಿನ ತುಂಬುವ ಮೊದಲೇ ನನಗೆ ಹೆರಿಗೆ ನೋವು ಬಂತು. ಆಯಾ ಪ್ರೇಮಮ್ಮ ಜಟಕಾ ತರಲು ಓಡಿದಳು. ಔಷಧಿ ಕೋಣೆಯಲ್ಲಿ ಒಬ್ಬಳೇ ಬಿದ್ದಿದ್ದೆ. ಇದ್ದಕ್ಕಿದ್ದಂತೆ ಹರಳೆಣ್ಣೆಯ ವಾಸನೆ ಬಂತು. ಹೆಜ್ಜೆಯ ಸದ್ದಿಲ್ಲ. ಬಾವಿನೀರಿನಷ್ಟು ತಣ್ಣಗಿದ್ದ ಎರಡು ಕೈ ಹೊಟ್ಟೆಯ ಮೇಲೆ ಆಡಿದವು.

“ಉಸ್ರು ಕಟ್ಬ್ಯಾಡ ಕಣೇ ಮಗಾ. ಕೂಸು ಅಡ್ಡ ಐತೆ, ತಿರುಗಿಸ್ತೀನಿ.”

ಎಚ್ಚರವಾದಾಗ ಮಗು ಎದೆಯ ಮೇಲೆ ಅಳುತ್ತಿತ್ತು. ಹೊಕ್ಕುಳಬಳ್ಳಿಗೆ ಹಸಿರು ನೂಲು ಬಿಗಿದಿತ್ತು.

ಜಟಕಾ ತಂದ ಪ್ರೇಮಮ್ಮನಿಗೆ, ಹೆರಿಗೆ ಮಾಡಿಸಿದ್ದು ಹನುಮಂತಜ್ಜಿಯೇ ಎಂದೆ. ಆಸ್ಪತ್ರೆಗೆ ಹೊರಡುವ ಮುನ್ನ ಅಜ್ಜಿಯ ಕಾಲಿಗೆ ಮಗುವಿನ ತಲೆ ಮುಟ್ಟಿಸಿದೆ. ಅಜ್ಜಿ ಗೋಡೆ ನೋಡುತ್ತಾ ಮಲಗಿದ್ದಳು.

“ಈಯಮ್ಮ ಎದ್ದು ಬರೋದುಂಟಾ, ಸಿಸ್ಟರೇ?” ಎನ್ನುತ್ತಾ ಪ್ರೇಮಮ್ಮ ಬಲಮುಷ್ಟಿಯನ್ನು ಕಷ್ಟಪಟ್ಟು ಬಿಡಿಸಿದಳು.

ಒಳಗೆ ಮಿಕ್ಕ ಹಸಿರು ನೂಲಿತ್ತು.