ಸುಮ್ನೆ ಬಂದಿದ್ದೆ

“ಏನಿಲ್ಲ, ಸುಮ್ನೆ ಬಂದಿದ್ದೆ” ಎಂದ ಪಪ್ಪಾ, ಚಾದ ಲೋಟ ಕೆಳಗಿಡುತ್ತಾ.

ಮನಿಷಾ ಕಣ್ಣು ಬಿಟ್ಟು ಪಪ್ಪನನ್ನೇ ನೋಡಿದಳು. ಸುಮ್ನೆ ಬಂದಿದ್ದಂತೆ! ಇಸ್ತ್ರಿ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಬೇಲೆಕೇರಿಯಿಂದ ಬಸ್ ಹತ್ತಿ ಅಂಕೋಲೆಗೆ ಬಂದದ್ದು ಕೆಲಸ ಹುಡುಕಲಿಕ್ಕೆ. ಬಟ್ಟೆ ಅಂಗಡಿಯವನ ಹತ್ತಿರ ಪಪ್ಪಾ ಕ್ರಿಕೆಟ್ ಮಾತಾಡಿದ, ಸೆಖೆಯ ಸುದ್ದಿ ಮಾತಾಡಿದ, ಚಾ ಕುಡಿದ. ಕೆಲಸದ ಸುದ್ದಿ ಮಾತ್ರ ತೆಗೆಯಲೇ ಇಲ್ಲ. ಅದಕ್ಕೂ ಮೊದಲು ಸ್ಟೇಶನರಿ ಅಂಗಡಿಯಲ್ಲೂ ಇದೇ ಕತೆ.

ರಸ್ತೆಗೆ ಇಳಿದ ಕೂಡಲೇ ಅವಳು ಶುರು ಮಾಡಿದಳು. “ಪಪ್ಪಾ, ನೀನು ಕೆಲಸ ಕೇಳೋದು ಯಾವಾಗ?”

“ಅಂಗಡಿಗೆ ನುಗ್ಗಿದ ಕೂಡ್ಲೇ ಕೆಲಸ ಕೊಡಿ ಅನ್ನಲಿಕ್ಕೆ ಆಗ್ತದಾ? ಮೊದ್ಲು ನಾಲ್ಕು ಮಾತಾಡ್ಬೇಕು.”

“ನಾಲ್ಕಲ್ಲ, ನಲವತ್ತು ಆಯ್ತು. ಮತ್ಯಾಕೆ ಕೇಳ್ಲಿಲ್ಲ?”

“ನಿನ್ನ ಬಾಯಿಗೆ ಬೀಗ ಹಾಕೋರಿಲ್ಲ ನೋಡು” ಎಂದು ಪಪ್ಪಾ ದಾಪುಗಾಲು ಹಾಕಿದ.

ಬೀಗ ಹಾಕುವುದು ಐದನೇ ಕ್ಲಾಸಿನ ಟೀಚರಿಗೇ ಆಗಿರಲಿಲ್ಲ, ಪಪ್ಪನಿಗೆ ಎಲ್ಲಿ ಆಗಬೇಕು. ಕೆಲಸ ಹುಡುಕುವುದು ಅಂದರೆ ಹೇಗೆ ಅಂತ ನೋಡಲೇಬೇಕೆಂದು ಹಟ ಹಿಡಿದು, ಶನಿವಾರ ಶಾಲೆ ಬಿಟ್ಟ ಕೂಡಲೇ ಅವಳು ಪಪ್ಪನ ಬೆನ್ನು ಹತ್ತಿದ್ದಳು.

ಪಪ್ಪಾ, ಅಂದರೆ ಮಧುಕರ, ಅಂಕೋಲೆಯ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಯುತ್ತಿದ್ದ. ಡಿಜಿಟಲ್ ಕ್ಯಾಮೆರಾ ಬಂದದ್ದೇ ಬಂದದ್ದು, ರೋಲ್ ತೊಳೆಸುವವರು ಕಡಿಮೆಯಾಗಿ ಮಳೆಗಾಲ ಮುಗಿಯುವಷ್ಟರಲ್ಲಿ ಸ್ಟುಡಿಯೋ ಮುಚ್ಚಿಹೋಯಿತು. ಯಾರು ಕೇಳಿದರೂ ಪಪ್ಪಾ, “ಸ್ವಲ್ಪ ದಿನ ರಜೆ” ಎನ್ನುತ್ತಿದ್ದ.

ದೀಪಾವಳಿಯೊಳಗೆ ಕೆಲಸ ಸಿಗದಿದ್ದರೆ ಜಗದೀಶ ಕಾಕಾನ ಜೊತೆ ರತ್ನಾಗಿರಿಗೆ ಮೀನು ಹಿಡಿಯುವ ಟ್ರಾಲರ್ ಕೆಲಸಕ್ಕೆ ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು. ಹೋದರೆ ಮತ್ತೆ ಬರುವುದು ಮುಂದಿನ ವರ್ಷ ಮಳೆ ಹಿಡಿದ ಮೇಲೆಯೇ. ಅದೂ ದೋಣಿ ಹತ್ತಿದರೆ ವಾಂತಿ ಮಾಡುವ ಪಪ್ಪಾ. ಮೀನುಗಾರರ ಮನೆಯಲ್ಲಿ ಹುಟ್ಟಿ ಇದೆಂತದು ಅಂತ ಕೇರಿಯವರೆಲ್ಲ ನಗುತ್ತಿದ್ದರು. ಮನಿಷಾಗೆ ನಗು ಬರುತ್ತಿರಲಿಲ್ಲ. ಪಪ್ಪಾ ಇಲ್ಲದ ಮನೆ ಅವಳಿಗೆ ಬೇಡವೇ ಬೇಡ.

ಕೊನೆಗೆ ಇಬ್ಬರೂ ಪರಮೇಶ್ವರ ಹೆಗಡೆಯವರ ಜೆರಾಕ್ಸ್ ಅಂಗಡಿಗೆ ಬಂದರು. ಒಳಗೆ ಹೊಸ ಕಂಪ್ಯೂಟರ್ ಕೂತಿತ್ತು. ಅದರ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲ.

“ಬಾರೋ ಮಧುಕರಾ. ಏನು ಈ ಕಡೆ?”

“ಸುಮ್ನೆ ಬಂದಿದ್ದೆ ಹೆಗಡೇರೆ.”

ಮನಿಷಾ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

“ಬಂದದ್ದು ಒಳ್ಳೇದಾಯ್ತು ಮಾರಾಯಾ. ಇಲ್ಲಿ ಪಾಸ್‌ಪೋರ್ಟ್ ಸೈಜ್ ಫೋಟೋ ಶುರು ಮಾಡುವಾ ಅಂತ ಇದ್ದೇನೆ. ಕ್ಯಾಮೆರಾ ಹಿಡಿದು ಗೊತ್ತಿದ್ದವ ಒಬ್ಬ ಬೇಕು. ನಿನ್ನ ಪರಿಚಯದಲ್ಲಿ ಯಾರಾದ್ರೂ ಇದ್ರೆ ಕಳ್ಸು.”

ಮನಿಷಾ ಪಪ್ಪನ ಬಾಯಿಯನ್ನೇ ನೋಡಿದಳು. ಈಗ ಹೇಳ್ತಾನೆ, ಈಗ ಹೇಳ್ತಾನೆ. ಪಪ್ಪನ ಕಿವಿ ಕೆಂಪಾಯಿತು.

“ನೋಡ್ತೇನೆ” ಎಂದವನು ಎದ್ದು ಹೊರಗೆ ಬಂದೇಬಿಟ್ಟ.

ಬಸ್ ಸ್ಟ್ಯಾಂಡ್ ಬರುವ ತನಕ ಮನಿಷಾ ಹೇಗೋ ತಡೆದುಕೊಂಡಳು. “ಪಪ್ಪಾ, ಅವರು ಹುಡುಕ್ತಾ ಇರೋದು ನಿನ್ನನ್ನೇ ಅಲ್ವಾ? ನಾನು ಹೋಗಿ ಹೇಳ್ಲಾ?”

“ಬೇಡ.”

“ಯಾಕೆ?”

ಪಪ್ಪಾ ಅಲ್ಲಿದ್ದ ಕಟ್ಟೆಯ ಮೇಲೆ ಕೂತ. “ಈ ಊರವರ ಮದುವೆಗೆಲ್ಲ ನಾನೇ ಫೋಟೋ ತೆಗ್ದವ. ಮಧುಕರಾ, ನಮ್ಮನೆಗೆ ಬಾ ಅಂತ ಅವರೇ ಕರೀತಿದ್ರು. ಈಗ ನಾನಾಗಿ ಹೋಗಿ ಕೆಲಸ ಇಲ್ಲ ಅಂತ ಹೇಳ್ಬೇಕು. ಮಾತು ಬಾಯಿ ತನಕ ಬರ್ತದೆ, ಹೊರಗೆ ಬರೋದಿಲ್ಲ. ನಾಚಿಕೆ ಆಗ್ತದೆ.”

ದೊಡ್ಡವರಿಗೂ ನಾಚಿಕೆ ಆಗ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಅವಳೂ ಪಕ್ಕದಲ್ಲಿ ಕೂತಳು.

ಬೇಲೆಕೇರಿ ಬಸ್ ಬಂತು. ಪಪ್ಪಾ ಎದ್ದ. ಬಸ್ಸಿನ ಕಡೆ ಒಮ್ಮೆ ನೋಡಿದ. ಆಮೇಲೆ ಬಂದ ದಾರಿಯಲ್ಲೇ ತಿರುಗಿ ನಡೆದ. ಮನಿಷಾ ಹಿಂದೆಯೇ ಓಡಿದಳು.

“ನೀನು ಮೆಟ್ಟಿಲ ಹತ್ತಿರ ನಿಲ್ಲು” ಎಂದು ಪಪ್ಪಾ ಒಬ್ಬನೇ ಹೆಗಡೆಯವರ ಅಂಗಡಿಯೊಳಗೆ ಹೋದ. ಒಳಗಿನ ಮಾತೆಲ್ಲ ಹೊರಗೆ ಕೇಳಿಸುತ್ತಿತ್ತು.

“ಹೆಗಡೇರೆ, ನನಗೆ ರಜೆ ಅಲ್ಲ. ಸ್ಟುಡಿಯೋ ಮುಚ್ಚಿ ಹೋಗಿದೆ. ಆ ಕೆಲಸ ನನಗೇ ಬೇಕಿತ್ತು.”

ಹೆಗಡೆಯವರು ಜೆರಾಕ್ಸ್ ಮಶೀನು ಬಂದ್ ಮಾಡಿದ್ದು ಕೇಳಿಸಿತು.

“ಕಂಪ್ಯೂಟರ್ ಬರ್ತದಾ?”

“ಇಲ್ಲ. ಕಲೀತೇನೆ.”

ಹೆಗಡೆಯವರ ಮುಖ ಹೇಗಿದೆ ಅಂತ ನೋಡಲು ಮನಿಷಾಗೆ ಎಲ್ಲಿಲ್ಲದ ಆಸೆ. ಕುತ್ತಿಗೆ ಅರ್ಧ ತಿರುಗಿಯೂ ಆಗಿತ್ತು. ಆದರೆ ಪೂರ್ತಿ ತಿರುಗಿದರೆ ಪಪ್ಪನ ಮುಖವೂ ಕಾಣುತ್ತದೆ. ಅವಳು ರಸ್ತೆಯ ರಿಕ್ಷಾಗಳನ್ನೇ ನೋಡುತ್ತಾ ನಿಂತಳು.

“ಹಾಗಾದ್ರೆ ಸೋಮವಾರದಿಂದ ಬಾ” ಎಂದರು ಹೆಗಡೆಯವರು. “ಇಬ್ಬರೂ ಸೇರಿ ಕಲಿಯುವಾ. ನನಗೂ ಅದು ಅಷ್ಟಕ್ಕಷ್ಟೆ.”

ಪಪ್ಪಾ ಹೊರಗೆ ಬಂದ. ಅಂಗಿಯ ಬೆನ್ನೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಬಾಯಿ ಮಾತ್ರ ಕಿವಿ ತನಕ ಅಗಲವಾಗಿತ್ತು.

“ಕೇಳಿಸ್ತಾ?” ಎಂದ.

“ಇಲ್ಲ” ಎಂದಳು ಮನಿಷಾ. “ಏನಾಯ್ತು, ಹೇಳು.”

ಪಪ್ಪಾ ಅವಳ ಕೈ ಹಿಡಿದುಕೊಂಡು ಮೊದಲಿನಿಂದ ಹೇಳತೊಡಗಿದ.